ಅಜ್ಜಿಯ ಮಾತು ನಿಲ್ಲಿಸುತ್ತಿದ್ದ ಸದ್ದು

ನಮ್ಮ ಅಜ್ಜಿ ಮನೆ ಇರುವುದು ಮುರುಗೇಶ್‌ಪಾಳ್ಯದಲ್ಲಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗುವ ತನಕ ಪ್ರಯಾಣಿಕರ ವಿಮಾನಗಳೆಲ್ಲ ಪಕ್ಕದ ಎಚ್‌ಎಎಲ್‌ ನಿಲ್ದಾಣದಿಂದಲೇ ಏರುತ್ತಿದ್ದವು. ವಿಮಾನ ಬಂದಾಗ ಅಜ್ಜಿ ಮಾತು ನಿಲ್ಲಿಸುತ್ತಿದ್ದರು. ಮಾತಿನ ಮಧ್ಯದಲ್ಲೇ. ಕೈಯಲ್ಲಿದ್ದ ಹುರುಳಿಕಾಯಿ ಕೈಯಲ್ಲೇ ಇರುತ್ತಿತ್ತು. ಸದ್ದು ದೂರವಾದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು.

ಆ ಸದ್ದು ಇಂಜಿನ್ ಒಳಗಿಂದ ಬರುತ್ತದೆ ಅಂತಲೇ ನಾನು ನಂಬಿದ್ದೆ. ಈಗ ಆರು ವರ್ಷದಿಂದ ಜೆಟ್ ಸದ್ದು ಅಳೆಯುವುದೇ ನನ್ನ ಕೆಲಸ. ಇಂಜಿನ್‌ನಲ್ಲಿ ಫ್ಯಾನಿನ ಸದ್ದು, ಟರ್ಬೈನಿನ ಸದ್ದು ಇದ್ದೇ ಇದೆ. ಆದರೆ ಹಳೆಯ ವಿಮಾನಗಳು ಏರುವಾಗ ಕೇಳುತ್ತಿದ್ದ ಗುಡುಗಿನಂಥ ಮೊರೆತ ಹೆಚ್ಚಾಗಿ ಹುಟ್ಟುತ್ತಿದ್ದದ್ದು ಹೊರಗೆ, ಬರೀ ಗಾಳಿಯಲ್ಲಿ. ನಳಿಗೆಯಿಂದ ನುಗ್ಗಿ ಬಂದ ಗಾಳಿ ಸುತ್ತಲಿನ ಸುಮ್ಮನಿರುವ ಗಾಳಿಯ ಜೊತೆ ಬೆರೆಯುವಾಗ ಸುಳಿಗಳು ಏಳುತ್ತವೆ. ಆ ಸುಳಿಗಳದ್ದೇ ಸದ್ದು. ನನಗೆ ಇದು ಈಗಲೂ ಆಶ್ಚರ್ಯ. ಹೀಗೆ ನುಗ್ಗುವ ಗಾಳಿಯ ಧಾರೆಗೇ ಜೆಟ್ ಅನ್ನುವುದು. ಅದರಲ್ಲಿರುವ ಶಕ್ತಿಯಲ್ಲಿ ನೂರರಲ್ಲಿ ಒಂದು ಪಾಲಿನಷ್ಟು ಕೂಡ ಸದ್ದಾಗುವುದಿಲ್ಲ. ಅಷ್ಟಕ್ಕೇ ಒಂದು ಬಡಾವಣೆಯೇ ಮಾತು ನಿಲ್ಲಿಸಬೇಕಾಗುತ್ತಿತ್ತು.

ನಮ್ಮ ಲ್ಯಾಬಿನ ನಾಝಲ್, ಅಂದರೆ ಗಾಳಿ ಹೊರಬರುವ ನಳಿಗೆ, ಅದರ ಬಾಯಿ 25 ಮಿಲಿಮೀಟರ್. ಹಳೆಯ ಒಂದು ರೂಪಾಯಿ ನಾಣ್ಯದಷ್ಟು ಅಂದುಕೊಳ್ಳಿ. ಪಕ್ಕದ ಕೋಣೆಯ ಕಂಪ್ರೆಸರ್ ದೊಡ್ಡ ಟ್ಯಾಂಕಿಗೆ ಗಾಳಿ ತುಂಬುತ್ತದೆ. ಅದು ಪೈಪಿನಲ್ಲಿ ಬಂದು ಈ ಬಾಯಿಂದ ಹೊರಗೆ ಹಾರುತ್ತದೆ, ಸೆಕೆಂಡಿಗೆ ಸುಮಾರು 290 ಮೀಟರ್ ವೇಗದಲ್ಲಿ. ಸುತ್ತ ಗೋಡೆ, ಚಾವಣಿ, ನೆಲ ಎಲ್ಲಕ್ಕೂ ಫೋಮಿನ ಚೂಪು ಬೆಣೆಗಳು. ಸದ್ದು ತಾಗಿದರೆ ವಾಪಸ್ ಬರುವುದಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ನಿಂತರೆ ನಮ್ಮ ಉಸಿರು, ಬಟ್ಟೆಯ ಸರಪರ ಕೇಳುತ್ತದೆ. ಇಷ್ಟು ದೊಡ್ಡ ಸದ್ದನ್ನು ಅಳೆಯಲು ಮೊದಲು ಇಷ್ಟು ನಿಶ್ಶಬ್ದ ಕಟ್ಟಬೇಕು.

ಮೈಕ್‌ಗಳನ್ನು ಕಮಾನಿನಂತೆ ನಿಲ್ಲಿಸುತ್ತೇವೆ. ಕಾಲು ಇಂಚಿನ ಪುಟ್ಟ ಮೈಕ್‌ಗಳು. ಜೆಟ್ ಹೋಗುವ ದಿಕ್ಕಿಗೆ ಸುಮಾರು 30 ಡಿಗ್ರಿ ಕೋನದಲ್ಲಿ ಸದ್ದು ಎಲ್ಲಕ್ಕಿಂತ ಜೋರು. ನಾಝಲ್ ಚಿಕ್ಕದಾದಷ್ಟೂ ಸದ್ದಿನ ಶ್ರುತಿ ಏರುತ್ತದೆ. ನಮ್ಮಲ್ಲಿ ಅತಿ ಜೋರಾದ ಭಾಗ 2300 ಹರ್ಟ್ಸ್ ಆಸುಪಾಸಿನಲ್ಲಿ ಬರುತ್ತದೆ. ನಾಝಲ್ 1 ಮೀಟರ್ ಅಗಲ ಇದ್ದು ವೇಗ ಇಷ್ಟೇ ಇದ್ದರೆ ಅದೇ ಸದ್ದು 60 ಹರ್ಟ್ಸ್ ಹತ್ತಿರಕ್ಕೆ ಇಳಿಯುತ್ತದೆ. 40 ಪಟ್ಟು ವ್ಯತ್ಯಾಸ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಈ ವಿಷಯಕ್ಕೆ ಅಡಿಪಾಯ ಹಾಕಿದವರು ಮ್ಯಾಂಚೆಸ್ಟರ್‌ನಲ್ಲಿದ್ದ ಜೇಮ್ಸ್ ಲೈಟ್‌ಹಿಲ್. ಅವರ ಪ್ರಬಂಧ ಬಂದದ್ದು 1952ರಲ್ಲಿ. ಮೊದಲ ಜೆಟ್ ಪ್ರಯಾಣಿಕ ವಿಮಾನ ಕಾಮೆಟ್ ಜನರನ್ನು ಹೊತ್ತು ಹಾರಿದ್ದೂ ಅದೇ ವರ್ಷ. ಅವರು ತೋರಿಸಿದ್ದು ಇದು: ಸದ್ದಿನ ಶಕ್ತಿ ಜೆಟ್ ವೇಗದ 8ನೇ ಘಾತದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಸದ್ದಿನ ಶಕ್ತಿ 256 ಪಟ್ಟು. ಅದೇ ವೇಗವನ್ನು ಬರೀ 10% ಇಳಿಸಿ ನೋಡಿ, ಸದ್ದಿನ ಶಕ್ತಿ 43%ಗೆ ಬಂದುಬಿಡುತ್ತದೆ. ಇವತ್ತಿನ ಇಂಜಿನ್‌ಗಳ ಬಾಯಿ ಅಷ್ಟು ಅಗಲ ಯಾಕೆ ಅಂದರೆ, ಜಾಸ್ತಿ ಗಾಳಿಯನ್ನು ನಿಧಾನವಾಗಿ ತಳ್ಳಿದರೆ ಇಂಧನವೂ ಉಳಿಯುತ್ತದೆ, ಸದ್ದೂ ಇಳಿಯುತ್ತದೆ.

ಈ 8ನೇ ಘಾತವೇ ನಮ್ಮ ಪರೀಕ್ಷಕ ಕೂಡ. ನಾನು ಮೊದಲ ಸಲ ಅಳೆದಾಗ 90 ಡಿಗ್ರಿಯ ಮೈಕಿನಲ್ಲಿ, ವೇಗ ಅರ್ಧ ಮಾಡಿದರೆ 24 ಡೆಸಿಬಲ್ ಆಸುಪಾಸು ಇಳಿಯಬೇಕಿತ್ತು. ಇಳಿದದ್ದು 18ರ ಹತ್ತಿರ. ಅದು 6ನೇ ಘಾತದ ಲೆಕ್ಕ. ಗಾಳಿ ಗಟ್ಟಿ ವಸ್ತುವಿಗೆ ತಾಗಿ ಎಬ್ಬಿಸುವ ಸದ್ದು ಹಾಗೆ ಏರಿಳಿಯುತ್ತದೆ. ಅಂದರೆ ನಾನು ಅಳೆಯುತ್ತಿದ್ದದ್ದು ಜೆಟ್ಟನ್ನೇ ಅಲ್ಲ. ಮೂರು ವಾರ ಹುಡುಕಿದೆ. ಮೈಕ್ ಬದಲಿಸಿದೆ, ಕ್ಯಾಲಿಬ್ರೇಟರ್ ಹಾಕಿ ಮತ್ತೆ ಮತ್ತೆ ನೋಡಿದೆ, ಸ್ಟ್ಯಾಂಡುಗಳಿಗೆಲ್ಲ ಫೋಮ್ ಸುತ್ತಿದೆ. ಗ್ರಾಫಿನ ಗೆರೆ ಒಂಚೂರೂ ಅಲುಗಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ವರ್ಕ್‌ಶಾಪಿನ ಅಣ್ಣ. ಉದ್ದ ಸ್ಕ್ರೂಡ್ರೈವರ್ ತುದಿಯನ್ನು ಪೈಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಪೈಪಿನುದ್ದಕ್ಕೂ ನಡೆದರು. ಕಂಟ್ರೋಲ್ ವಾಲ್ವ್ ಹತ್ತಿರ ನಿಂತರು. "ಇಲ್ಲಿ ಸೀಟಿ ಹೊಡೀತಿದೆ ನೋಡಿ ಮೇಡಂ" ಅಂದರು. ಆಮೇಲೆ ಪೈಪಿನೊಳಗೆ ಒಂದು ಮೈಕ್, ಹೊರಗೆ ಒಂದು ಮೈಕ್ ಇಟ್ಟು ಎರಡನ್ನೂ ತಾಳೆ ನೋಡಿದೆವು. ಅವರು ಹೇಳಿದ್ದು ಸರಿಯೇ. ಅರ್ಧ ತೆರೆದ ವಾಲ್ವಿನ ಸದ್ದು ಪೈಪಿನಲ್ಲೇ ಬಂದು ನಾಝಲ್‌ನಿಂದ ಹೊರಬೀಳುತ್ತಿತ್ತು. ವೇಗ ಜಾಸ್ತಿ ಇದ್ದಾಗ ಜೆಟ್ ಅದನ್ನು ಮುಚ್ಚಿಹಾಕುತ್ತಿತ್ತು, ಕಡಿಮೆಯಾದಾಗ ಬಯಲಾಗುತ್ತಿತ್ತು. ನಾಝಲ್‌ಗೆ ಮುಂಚಿನ ದೊಡ್ಡ ಡಬ್ಬದ ಒಳಗೆ ಗ್ಲಾಸ್‌ವೂಲ್ ತುಂಬಿ, ಮೇಲೆ ತೂತಿನ ಶೀಟು ಹೊಡೆಸಿದೆವು. ಒಂದೂವರೆ ತಿಂಗಳ ಕೆಲಸ. ಗೆರೆ 8ಕ್ಕೆ ಬಂದು ಕೂತ ದಿನ ನಾನು ಆ ಅಣ್ಣನಿಗೆ ಗ್ರಾಫಿನ ಪ್ರಿಂಟ್ ತೆಗೆದು ಕೊಟ್ಟೆ. ವರ್ಕ್‌ಶಾಪಿನ ಗೋಡೆಯ ಮೇಲೆ ಈಗಲೂ ಇದೆ.

ಗಾಳಿಯನ್ನು ಕಣ್ಣಲ್ಲೂ ನೋಡಬಹುದು. ದೋಸೆ ಹೆಂಚಿನ ಮೇಲೆ ಬಿಸಿಗಾಳಿ ನಡುಗುವುದು ಕಾಣುತ್ತದೆ ಅಲ್ವಾ? ಅದನ್ನೇ ಎರಡು ಕನ್ನಡಿ, ಒಂದು ಬ್ಲೇಡಿನ ಅಂಚು ಬಳಸಿ ಚೆನ್ನಾಗಿ ಕಾಣುವಂತೆ ಮಾಡುವ ವಿಧಾನಕ್ಕೆ ಶ್ಲೀರನ್ ಅನ್ನುತ್ತಾರೆ. ಒತ್ತಡ ಏರಿಸಿ ಶಬ್ದದ ವೇಗ ದಾಟಿಸಿದರೆ ಜೆಟ್ ಒಳಗೆ ವಜ್ರದಾಕಾರದ ಸಾಲು ಮೂಡುತ್ತದೆ. ಆಗಲೇ ಒಂದು ಕರ್ಕಶ ಕಿರುಚು ಶುರುವಾಗುತ್ತದೆ. ಸುಳಿ ಹೋಗಿ ಆ ಸಾಲಿಗೆ ಬಡಿದು ಸದ್ದು ಮಾಡುತ್ತದೆ. ಸದ್ದು ಹೊರಗಿನಿಂದ ಹಿಂದಕ್ಕೆ ಓಡಿ ನಾಝಲ್ ತುಟಿಗೆ ತಾಗಿ ಹೊಸ ಸುಳಿ ಎಬ್ಬಿಸುತ್ತದೆ. ಈ ಸುತ್ತನ್ನು 1953ರಲ್ಲಿ ವಿವರಿಸಿದವರು ಅಲನ್ ಪೊವೆಲ್.

ಬೆರೆಯುವ ಗಾಳಿ ಬರೀ ಗೊಂದಲ ಎಂದು ತುಂಬಾ ಜನ ಅಂದುಕೊಂಡಿದ್ದರು. ಅದರೊಳಗೆ ದೊಡ್ಡ ದೊಡ್ಡ ಸುರುಳಿಗಳ ಶಿಸ್ತಿನ ಸಾಲು ಇದೆ ಎಂದು 1974ರಲ್ಲಿ ಬ್ರೌನ್ ಮತ್ತು ರೋಷ್ಕೊ ಫೋಟೊ ಸಮೇತ ತೋರಿಸಿದರು. ಈ ಅನಾಟೋಲ್ ರೋಷ್ಕೊ ಮತ್ತು ನಮ್ಮ ಸತೀಶ್ ಧವನ್ ಇಬ್ಬರೂ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಅವರ ಶಿಷ್ಯರು. ಧವನ್ ಅಲ್ಲಿಂದ ಬಂದು ಬೆಂಗಳೂರಿನ ಐಐಎಸ್‌ಸಿಯಲ್ಲಿ ಸೂಪರ್‌ಸಾನಿಕ್ ವಿಂಡ್ ಟನಲ್ ಕಟ್ಟಿದರು. ಇದನ್ನು ನೆನೆದಾಗಲೆಲ್ಲ ನಮ್ಮ ಪುಟ್ಟ ನಾಝಲ್ ಕೂಡ ಆ ಮನೆತನಕ್ಕೆ ಸೇರಿದ್ದು ಅನಿಸುತ್ತದೆ.

ಈಗ ನಾನು ಶೆವ್ರಾನ್ ಮೇಲೆ ಕೆಲಸ ಮಾಡುತ್ತಿದ್ದೇನೆ. ಬೋಯಿಂಗ್ 787 ಇಂಜಿನ್‌ನ ಹಿಂಭಾಗದಲ್ಲಿ ಗರಗಸದ ಹಲ್ಲಿನಂಥ ಅಂಚು ಇರುತ್ತದೆ, ಅದು. ಹಲ್ಲು ಒಳಗೆ ಬಾಗಿದಷ್ಟೂ ಗಾಳಿ ಬೇಗ ಬೆರೆತು ಮಂದ್ರದ ಮೊರೆತ ತಗ್ಗುತ್ತದೆ. ಜಾಸ್ತಿ ಬಾಗಿಸಿದರೆ ತಾರದ ಸದ್ದು ಏಳುತ್ತದೆ. ಎಷ್ಟು ಬಾಗಿಸಬೇಕು ಅನ್ನುವುದೇ ಸದ್ಯದ ತಲೆಬಿಸಿ.

ಹೋದ ಯುಗಾದಿಗೆ ಅಜ್ಜಿ ಮನೆಗೆ ಹೋಗಿದ್ದೆ. ಶೆವ್ರಾನ್ ಇಲ್ಲದ ನಾಝಲ್‌ನ 2 ಸೆಕೆಂಡಿನ ರೆಕಾರ್ಡಿಂಗ್ ಲ್ಯಾಪ್‌ಟಾಪಿನಲ್ಲಿತ್ತು. ಅದನ್ನು 40 ಪಟ್ಟು ನಿಧಾನ ಮಾಡಿದ್ದೆ, 80 ಸೆಕೆಂಡ್ ಆಗಿತ್ತು. ಮಾವನ ದೊಡ್ಡ ಸ್ಪೀಕರಿಗೆ ಜೋಡಿಸಿದೆ. ಅಜ್ಜಿಗೆ ಏನೂ ಹೇಳಿರಲಿಲ್ಲ. ಅವರು ಯಾವುದೋ ಮದುವೆ ಊಟದ ವಿಷಯ ಹೇಳುತ್ತಿದ್ದರು. "ಎಲ್ಲಾ ಚೆನ್ನಾಗಿತ್ತು ಪುಟ್ಟಿ, ಆದ್ರೆ ಆ ಪಾಯಸಕ್ಕೆ..." ಅನ್ನುವಾಗ ಸದ್ದು ಶುರುವಾಯಿತು.

ಅಜ್ಜಿ ಮಾತು ನಿಲ್ಲಿಸಿದರು. ಕೈಯನ್ನು ಹಾಗೇ ಎತ್ತಿ ಹಿಡಿದು ಕಾದರು. 80 ಸೆಕೆಂಡ್ ಮುಗಿಯಿತು.

"...ಬೆಲ್ಲ ಸಾಲದು" ಅಂದರು.