250 ಕೆಜಿಯೊಳಗೆ ಒಂದು ಮಲಗುವ ಕೋಣೆ

ನಮ್ಮ ಕಾರಿನದು ಒಂದು ಲೀಟರ್ ಎಂಜಿನ್. ಅದರ ಹಿಂದೆ ಟಿಯರ್‌ಡ್ರಾಪ್ ಟ್ರೇಲರ್, ಅಂದರೆ ಕಣ್ಣೀರ ಹನಿ ಆಕಾರದ ಪುಟ್ಟ ಮಲಗುವ ಗಾಡಿ, ಕಟ್ಟಿಕೊಂಡು ಸಕಲೇಶಪುರದ ಕಡೆ ಹೋಗಬೇಕು ಅಂದರೆ ಮೊದಲು ನೋಡಬೇಕಾದ್ದು ತೂಕ. ನಾಗರಭಾವಿಯ ನಮ್ಮ ಶೆಡ್‌ಗೆ ಬರುವ ಪ್ರತಿ ಸಾಮಾನನ್ನೂ ತೂಗಿ ಬರೆದಿಡುತ್ತೇನೆ. ಖಾಲಿ ಟ್ರೇಲರ್ 250 ಕೆಜಿ ದಾಟಬಾರದು. ಅದು ನನ್ನ ಹಟ.

ಈ ಥರದ ಟ್ರೇಲರ್ ಹೊಸದೇನಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲೇ ಜನ ಮನೆಯಲ್ಲಿ ಕಟ್ಟಿಕೊಳ್ಳುತ್ತಿದ್ದರು. ಒಳಗೆ ಇಬ್ಬರು ಮಲಗುವಷ್ಟು ಜಾಗ, ಹಿಂಬದಿ ಮುಚ್ಚಳ ಎತ್ತಿದರೆ ಅಡುಗೆ ಕಟ್ಟೆ. ಒಳಗೆ ನಿಲ್ಲೋಕೆ ಆಗಲ್ಲ, ನಿಲ್ಲುವ ಅಗತ್ಯವೂ ಇಲ್ಲ. ಮಲಗೋಕೆ ತಾನೇ ಒಳಗೆ ಹೋಗೋದು?

ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಲ್ಲಿ 8 ಅಡಿ, 4 ಅಡಿಯ 18 ಮಿಮೀ ಪ್ಲೈವುಡ್ ಎತ್ತಿ ನೋಡಿ. 35 ಕೆಜಿ ಹತ್ತಿರ ಬರುತ್ತದೆ. ಅದೇ ಅಳತೆಯ 50 ಮಿಮೀ ಎಕ್ಸ್‌ಪಿಎಸ್ ಫೋಮ್ ಸುಮಾರು 5 ಕೆಜಿ. ಮನೆ ಒಳಗೆ ಬಿಸಿಲಿನ ಶಾಖ ಇಳಿಯದ ಹಾಗೆ ತಾರಸಿಗೆ ಹಾಕುತ್ತಾರಲ್ಲ, ಅದೇ ಗಟ್ಟಿ ಫೋಮ್. ಗೋಡೆಗೂ ಮೇಲ್ಛಾವಣಿಗೂ ಅದನ್ನೇ ಹಾಕಿದ್ದೇನೆ. ನೆಲಕ್ಕೆ ಮಾತ್ರ ನೀರು ತಡೆಯುವ ಮರೈನ್ ಪ್ಲೈವುಡ್.

ಬರೀ ಫೋಮ್ ಆದರೆ ಬೆರಳು ಒತ್ತಿದರೂ ಕುಳಿ ಬೀಳುತ್ತದೆ. ಮೇಲೆ ಬಟ್ಟೆ ಬೇಕು. ಚಿಕ್ಕಪೇಟೆಯಿಂದ ಅಗಲ ಪನ್ನದ ಕೋರಾ ಬಟ್ಟೆ ತಂದೆ. ಫೋಮ್‌ನ ನುಣುಪು ಮೈಯನ್ನು ತಂತಿ ಬ್ರಷ್‌ನಿಂದ ಕೆರೆದು ಒರಟು ಮಾಡಬೇಕು, ಇಲ್ಲದಿದ್ದರೆ ಅಂಟು ಹಿಡಿಯಲ್ಲ. ಮರಕ್ಕೆ ಹಾಕುವ ಬಿಳಿ ಅಂಟಿಗೆ ನೀರು ಬೆರೆಸಿ ರೋಲರ್‌ನಲ್ಲಿ ಬಳಿದು, ಬಟ್ಟೆ ಹಾಸಿ, ಮೇಲೆ ಮತ್ತೊಮ್ಮೆ ಅಂಟು. ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಒತ್ತುತ್ತಾ ಗಾಳಿ ಗುಳ್ಳೆ ಹೊರಹಾಕಬೇಕು. ಒಣಗುತ್ತಾ ಬಟ್ಟೆ ಬಿಗಿಯುತ್ತದೆ. ತಟ್ಟಿದರೆ ಕಾಯಿಸಿದ ತಮಟೆ ಥರ ಸದ್ದು! ಅದರ ಮೇಲೆ ಹೊರಗೋಡೆಯ ಪೇಂಟ್. ರಬ್ಬರ್ ಅಂಟನ್ನು ಮಾತ್ರ ಹತ್ತಿರ ತರಬೇಡಿ. ಅದರಲ್ಲಿರುವ ಸಾಲ್ವೆಂಟ್‌ಗೆ ಫೋಮ್ ಕರಗಿಹೋಗುತ್ತದೆ.

ಫ್ರೇಮ್ ಆಗಿದ್ದು ಪೀಣ್ಯದಲ್ಲಿ. ವೆಲ್ಡರ್ ನಮ್ಮ 40 ಮಿಮೀ ಚೌಕ ಪೈಪ್ ನೋಡಿ, "ಸಾರ್, ಇದು ಸಾಲಲ್ಲ, ದಪ್ಪದ್ದೇ ಹಾಕೋಣ" ಅಂದರು. ಅಲ್ಲೇ ಟೂಲ್‌ರೂಮಿನಲ್ಲಿ ದುಡಿದು ರಿಟೈರ್ ಆದ ನಮ್ಮಪ್ಪ ಪೈಪನ್ನು ಒಮ್ಮೆ ಸವರಿ, "ದಪ್ಪ ಬೇಡಪ್ಪ. ಮೂಕಿ ಬಂದು ಸೇರೋ ಕಡೆ ಪ್ಲೇಟ್ ಕೊಡು. ಜೋರು ಬೀಳೋದೆಲ್ಲ ಅಲ್ಲೇ" ಅಂದರು. ಮೂಕಿ ಅಂದರೆ ಟ್ರೇಲರನ್ನು ಕಾರಿಗೆ ಸೇರಿಸುವ ಮುಂದಿನ ಕಂಬಿ. ಬೇಕಾದ ಕಡೆ ಮಾತ್ರ ಕಬ್ಬಿಣ. ಎಷ್ಟು ಸರಿ ಅಲ್ವಾ? ಚಕ್ರ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಮಾರುತಿ 800ರ 12 ಇಂಚಿನವು. ಟೈರ್ ಹೊಸದು.

ತೂಕ ಕಡಿಮೆ ಆದರೆ ಸಾಲದು, ಅದು ಎಲ್ಲಿ ಕೂರುತ್ತದೆ ಅನ್ನೋದೂ ಮುಖ್ಯ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ ಇರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡಿ ಕಾರನ್ನೂ ಎಳೆದಾಡುತ್ತದೆ. 20 ಲೀಟರ್ ನೀರಿನ ಕ್ಯಾನ್ ಅಂದರೆ 20 ಕೆಜಿ. ಅದನ್ನು ಅಡುಗೆ ಕಟ್ಟೆಯಲ್ಲಿ ಇಟ್ಟರೆ ಹಿಂದಕ್ಕೆ ಭಾರ ಜಾಸ್ತಿ. ಅದಕ್ಕೇ ನೀರಿಗೆ ಮುಂದೆ ಪೆಟ್ಟಿಗೆ ಮಾಡಿದ್ದೇನೆ. ಹಿಂದೆ ಸ್ಟೌವ್, ಕಾಫಿ ಫಿಲ್ಟರ್, ಒಂದೆರಡು ಪಾತ್ರೆ ಅಷ್ಟೇ.

1988ರ ಮೋಟಾರು ವಾಹನ ಕಾಯ್ದೆ ಟ್ರೇಲರನ್ನೂ ಮೋಟಾರು ವಾಹನ ಅಂತಲೇ ಲೆಕ್ಕ ಹಿಡಿಯುತ್ತದೆ. ಹಾಗಾಗಿ ನೋಂದಣಿ ಆಗದೆ ರಸ್ತೆಗೆ ಇಳಿಸಲ್ಲ. ಆ ಓಡಾಟ ಅಪ್ಪ ವಹಿಸಿಕೊಂಡಿದ್ದಾರೆ. ನನಗೆ ಉಳಿದಿರುವುದು ಹಿಂಬದಿ ಮುಚ್ಚಳದ ಕೀಲು. ನೀರು ಒಳಗೆ ಇಳಿಯುವುದಿದ್ದರೆ ಅಲ್ಲಿಂದಲೇ ಇಳಿಯಬೇಕು. ಈ ವಾರ ಜೆ.ಸಿ. ರಸ್ತೆಗೆ ಹೋಗಿ ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ತಂದು ಕೂರಿಸಿ, ಪೈಪ್‌ನಲ್ಲಿ ನೀರು ಬಿಟ್ಟು ನೋಡುತ್ತೇನೆ.