ಒಂದೇ ತಪ್ಪಿಗೆ ಎರಡು ಗೆರೆ ಬೀಳದಂತೆ: ಸ್ಪೆಲ್‌ಚೆಕರ್ ಮತ್ತು ವ್ಯಾಕರಣ ರೂಲ್

'ವಿಧ್ಯಾರ್ಥಿಗಳು' ಎಂದು ಟೈಪ್ ಮಾಡಿದರೆ ಕೆಳಗೆ ಕೆಂಪು ಗೆರೆ. ಅದೇ ಪದಕ್ಕೆ ವ್ಯಾಕರಣ ರೂಲನ್ನೂ ('ಇಂಥ ಪದಜೋಡಣೆ ಕಂಡರೆ ತಪ್ಪೆಂದು ತೋರಿಸು' ಎಂಬ ಸೂಚನೆ) ಬರೆದಿಟ್ಟಿದ್ದರೆ ಜೊತೆಗೊಂದು ನೀಲಿ ಗೆರೆ. ಎರಡೂ ಒಂದೇ ಸಲಹೆ ಕೊಟ್ಟರೆ ಕಿರಿಕಿರಿ ಅಷ್ಟೇ. ಬೇರೆ ಬೇರೆ ಕೊಟ್ಟರೆ ಬರೆಯುವವರು ಯಾವುದನ್ನು ನಂಬಬೇಕು? ಲ್ಯಾಂಗ್ವೇಜ್‌ಟೂಲ್‌ನಂಥ ವ್ಯಾಕರಣ ಪರೀಕ್ಷಕ ತಂತ್ರಾಂಶಗಳಿಗೆ ರೂಲ್ ಬರೆಯುವವರೂ, ಕನ್ನಡಕ್ಕೆ ಅಂಥದ್ದೊಂದನ್ನು ಕಟ್ಟಲು ಹೊರಟವರೂ ಇದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಹಂಚಿಕೆ ಸರಳ. ಪದಪಟ್ಟಿಯಲ್ಲೇ ಇಲ್ಲದ ರೂಪವಾದರೆ ಅದು ಸ್ಪೆಲ್‌ಚೆಕರ್ ಪಾಲಿಗೆ. ಪದ ಸರಿಯಿದ್ದು ಜಾಗ ತಪ್ಪಿದ್ದರೆ ರೂಲ್ ಪಾಲಿಗೆ. 'ಅಕ್ಕಿ ಗೂಡು ಕಟ್ಟಿದೆ', 'ಅತಿಥಿಗಳು ಹಾಸನ ಅಲಂಕರಿಸಿದರು' ಎಂಬಲ್ಲಿ ಅಕ್ಕಿಯೂ ಹಾಸನವೂ ಪಟ್ಟಿಯಲ್ಲಿರುವ ಪದಗಳೇ, ಸ್ಪೆಲ್‌ಚೆಕರ್ ಎಂದಿಗೂ ಹಿಡಿಯುವುದಿಲ್ಲ. ರೂಲ್ ಬರೆಯುವ ಶ್ರಮವೆಲ್ಲ ಇಂಥವಕ್ಕೆ ಸಲ್ಲಬೇಕು.

'ಸ್ಪೆಲ್‌ಚೆಕರ್ ಸರಿಯಾದ ಸಲಹೆ ಕೊಡುತ್ತಿಲ್ಲ, ಅದಕ್ಕೇ ರೂಲ್ ಬರೆದೆ' ಎನ್ನುವವರೇ ಹೆಚ್ಚು. ಆದರೆ ಅದರ ಮದ್ದು ಹನ್‌ಸ್ಪೆಲ್ ಎಂಬ ಸ್ಪೆಲ್‌ಚೆಕರ್‌ನ ಅಫಿಕ್ಸ್ ಫೈಲಿನಲ್ಲೇ (ಪ್ರತ್ಯಯಗಳ ನಿಯಮ ಬರೆದಿಡುವ ಕಡತ) ಇದೆ: ಆರ್‌ಇಪಿ ಕೋಷ್ಟಕ, ಅಂದರೆ ಯಾವ ತಪ್ಪು ಅಕ್ಷರಗಳ ಬದಲು ಯಾವುದನ್ನು ಹಾಕಿ ನೋಡಬೇಕೆಂಬ ಜೋಡಿಗಳು. ಮೊದಲ ಸಾಲಿನಲ್ಲಿ ಒಟ್ಟು ಎಷ್ಟು ಜೋಡಿಗಳೆಂಬ ಸಂಖ್ಯೆ, ಆಮೇಲೆ ಸಾಲಿಗೊಂದು ಜೋಡಿ: 'ಧ್ಯಾ ದ್ಯಾ', 'ಷಯ ಶಯ', ಹೀಗೆ. 'ಮಧ್ಯಾಹ್ನ', 'ವಿಷಯ' ಕೆಡುತ್ತವೆಯೇ ಎಂಬ ಭಯ ಬೇಡ. ಪಟ್ಟಿಯಲ್ಲಿಲ್ಲದ ಪದಕ್ಕೆ ಸಲಹೆ ಹುಡುಕುವಾಗ ಮಾತ್ರ ಈ ಕೋಷ್ಟಕ ಬಳಕೆಯಾಗುತ್ತದೆ, ಬದಲಿಸಿದ ರೂಪವೂ ಪಟ್ಟಿಯಲ್ಲಿದ್ದರಷ್ಟೇ ಸಲಹೆಯಾಗುತ್ತದೆ. ಇದೇ ಜೋಡಿಯನ್ನು ರೂಲಿನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಮಾಡಿದ್ದರೆ ಪ್ರತಿ ಮಧ್ಯಾಹ್ನಕ್ಕೂ ಗೆರೆ ಬೀಳುತ್ತಿತ್ತು. ಕನ್ನಡದಲ್ಲಿ ವಿಭಕ್ತಿ, ಬಹುವಚನದ ಪ್ರತ್ಯಯಗಳು ಅಫಿಕ್ಸ್ ಫೈಲಿನಲ್ಲಿ ಸರಿಯಾಗಿ ಕೂತಿರಬೇಕು ಎಂಬುದು ಬೇರೆ ಮಾತು. ಇಲ್ಲದಿದ್ದರೆ 'ವಿದ್ಯಾರ್ಥಿಗಳೊಂದಿಗೆ' ಎಂಬ ಸರಿಪದವೇ ತಪ್ಪೆನಿಸಿಕೊಂಡು, ಅಲ್ಲಿ ಬೀಳುವ ಯಾವ ರೂಲ್ ಆದರೂ ಎರಡನೇ ಗೆರೆಯಾಗುತ್ತದೆ.

ಗಂಟು ಬೀಳುವುದು ಪದಗುಚ್ಛಗಳಲ್ಲಿ. ಫ್ಲೆಕ್ಸ್‌ಗಳಲ್ಲಿ ಕಾಣುವ 'ಹಾರ್ಧಿಕ ಶುಭಾಷಯಗಳು' ತೆಗೆದುಕೊಳ್ಳಿ. ಎರಡನ್ನೂ ಒಂದೇ ಕ್ಲಿಕ್ಕಿನಲ್ಲಿ ತಿದ್ದುವ ರೂಲ್ ಬೇಕೆನಿಸಿದರೆ, ಸ್ಪೆಲ್‌ಚೆಕರ್‌ನ ಎರಡು ಗುರುತುಗಳ ಜೊತೆ ರೂಲಿನದೊಂದು ಸೇರಿ ಮೂರಾಗುತ್ತವೆ. ಲ್ಯಾಂಗ್ವೇಜ್‌ಟೂಲ್‌ನಲ್ಲಿ ಇದಕ್ಕೆ ಡಿಸ್ಆ್ಯಂಬಿಗ್ಯುಯೇಶನ್ ಫೈಲಿನ (ರೂಲ್‌ಗಳು ಓಡುವ ಮೊದಲು ಪದಗಳ ಗೊಂದಲ ಬಿಡಿಸುವ ಕಡತ) 'ಇಗ್ನೋರ್ ಸ್ಪೆಲ್ಲಿಂಗ್' ಕ್ರಿಯೆ ಇದೆ. ಆ ಎರಡು ಪದ ಅದೇ ಕ್ರಮದಲ್ಲಿ ಬಂದಾಗ ಸ್ಪೆಲ್‌ಚೆಕರ್ ಸುಮ್ಮನಿರುತ್ತದೆ. 'ಇಮ್ಯುನೈಸ್' ಬಳಸಬೇಡಿ, ಅದು ನಿಮ್ಮ ರೂಲನ್ನೂ ಆ ಪದಗಳಿಂದ ದೂರ ಇಡುತ್ತದೆ. ಸುಮ್ಮನಿರಿಸುವ ಪ್ಯಾಟರ್ನ್ ರೂಲಿನ ಪ್ಯಾಟರ್ನ್‌ಗಿಂತ ಅಗಲವಾಗಿರಕೂಡದು. ರೂಲಿಗೆ ಎಕ್ಸೆಪ್ಶನ್ (ವಿನಾಯಿತಿ) ಸೇರಿಸಿ ಇಲ್ಲಿ ಸೇರಿಸದಿದ್ದರೆ, ಆ ವಾಕ್ಯದಲ್ಲಿ ಯಾರೂ ತಪ್ಪು ಹೇಳುವುದಿಲ್ಲ. ಬಳಕೆದಾರರು ರೂಲನ್ನು ಆಫ್ ಮಾಡಿದರೂ ಇದೇ ಗತಿ: ಸ್ಪೆಲ್‌ಚೆಕರ್ ಬಾಯಿ ಮುಚ್ಚಿಯೇ ಇರುತ್ತದೆ. ಎರಡು ಗೆರೆಗಿಂತ ಒಂದೂ ಇಲ್ಲದಿರುವುದು ಕೆಟ್ಟದ್ದು. ಹಾಗಾಗಿ ಈ ಗುಚ್ಛಕ್ಕೆ ರೂಲೇ ಬೇಡ, ಆರ್‌ಇಪಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊನೆಯ ಜರಡಿಯಾಗಿ, ಒಂದರ ಮೇಲೊಂದು ಬೀಳುವ ಗುರುತುಗಳನ್ನು ತೆಗೆಯುವ ಫಿಲ್ಟರ್ ಲ್ಯಾಂಗ್ವೇಜ್‌ಟೂಲ್‌ನಲ್ಲೇ ಇದೆ. ಹೆಚ್ಚು ಪ್ರಯಾರಿಟಿಯದು ಉಳಿಯುತ್ತದೆ, ಸಮವಾದರೆ ಉದ್ದನೆಯದು ಉಳಿಯುತ್ತದೆ. 'ವಾಕ್ಯ ತುಂಬ ಉದ್ದ' ಎಂದು ಇಡೀ ವಾಕ್ಯಕ್ಕೆ ಗೆರೆ ಎಳೆಯುವ ಶೈಲಿ ರೂಲಿಗೆ ಪ್ರಯಾರಿಟಿ ಇಳಿಸದಿದ್ದರೆ, ಆ ಉದ್ದದ ಬಲದಿಂದಲೇ ಅದು ವಾಕ್ಯದೊಳಗಿನ ಕಾಗುಣಿತ ತಪ್ಪುಗಳನ್ನೆಲ್ಲ ನುಂಗಿಬಿಡುತ್ತದೆ. ಶೈಲಿ ರೂಲ್‌ಗಳು ಎಲ್ಲಕ್ಕಿಂತ ಕೆಳಗಿರಲಿ, ಸ್ಪೆಲ್‌ಚೆಕರ್ ಅವುಗಳ ಮೇಲಿರಲಿ, ಸಂದರ್ಭ ನೋಡುವ ರೂಲ್‌ಗಳು ಅದಕ್ಕೂ ಮೇಲಿರಲಿ.

ಫಿಲ್ಟರ್ ಇದ್ದೂ ಎರಡು ಗೆರೆ ಬಂದರೆ ಆಫ್‌ಸೆಟ್, ಅಂದರೆ ಗುರುತು ಪಠ್ಯದ ಎಷ್ಟನೇ ಸ್ಥಾನದಲ್ಲಿದೆ ಎಂಬ ಎಣಿಕೆ, ನೋಡಿ. 'ಕೋ'ದ ಸ್ವರಚಿಹ್ನೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಬರಬಹುದು. ಒಂದು ಕಡೆ ಎನ್‌ಎಫ್‌ಸಿ (ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಯೂನಿಕೋಡ್ ಕ್ರಮ) ಮಾಡಿ ಇನ್ನೊಂದು ಕಡೆ ಬಿಟ್ಟರೆ, ಅಂಥ ಪ್ರತಿ ಅಕ್ಷರಕ್ಕೂ ಮುಂದಿನ ಸ್ಥಾನಗಳು 2ರಷ್ಟು ಸರಿಯುತ್ತವೆ. ಎಮೋಜಿಯೂ ಹಾಗೆಯೇ, ಸಾಮಾನ್ಯ ಎಮೋಜಿಯೊಂದನ್ನು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಜಾವಾ 2 ಎಂದು ಎಣಿಸಿದರೆ ಪೈಥಾನ್ 1 ಎಂದು ಎಣಿಸುತ್ತದೆ. 'ಸಾಫ್ಟ್‌ವೇರ್' ಪದದೊಳಗಿನ ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ (ಅಕ್ಷರಗಳು ಒತ್ತಕ್ಷರವಾಗಿ ಕೂಡದಂತೆ ತಡೆಯುವ ಚಿಹ್ನೆ) ಬಳಿ ಒಂದು ಟೋಕನೈಸರ್ (ಪಠ್ಯವನ್ನು ಪದಗಳಾಗಿ ಬಿಡಿಸುವ ಭಾಗ) ಪದವನ್ನು ಒಡೆದು, ಇನ್ನೊಂದು ಒಡೆಯದಿದ್ದರೂ ಗುರುತುಗಳ ಗಡಿ ಹೊಂದುವುದಿಲ್ಲ. ಎನ್‌ಎಫ್‌ಸಿಯನ್ನು ಒಮ್ಮೆ, ಎಲ್ಲಕ್ಕಿಂತ ಮೊದಲು ಮಾಡಿ. ಮೂಲ ಪಠ್ಯದ ಸ್ಥಾನಗಳ ನಕ್ಷೆ ಜೊತೆಗಿರಲಿ.

ಇನ್ನು ಲಿಬ್ರೆಆಫೀಸ್‌ನಂಥ ಕಡೆ ಹನ್‌ಸ್ಪೆಲ್ ಹೊರಗಿನದು. ಅದರ ಗುರುತು ನಿಮ್ಮ ಫಿಲ್ಟರ್‌ಗೆ ಕಾಣುವುದೇ ಇಲ್ಲ. ಅಲ್ಲಿ ಉಳಿಸುವುದು ಮೊದಲಿನ ಹಂಚಿಕೆ ಮಾತ್ರ. ವೆಬ್ ಎಡಿಟರ್ ಆದರೆ ಆ ಪೆಟ್ಟಿಗೆಗೆ 'ಸ್ಪೆಲ್‌ಚೆಕ್' ಗುಣವನ್ನು 'ಫಾಲ್ಸ್' ಮಾಡಿ ಬ್ರೌಸರಿನ ಗೆರೆ ನಿಲ್ಲಿಸಬಹುದು.

ಪರೀಕ್ಷೆಗೆ ಎರಡು ದಾರಿ. ರೂಲ್ ಫೈಲಿನ ಟೋಕನ್‌ಗಳನ್ನು (ರೂಲ್ ಹುಡುಕುವ ಪದಗಳನ್ನು) ಸಾಲಿಗೊಂದರಂತೆ ತೆಗೆದು ಹನ್‌ಸ್ಪೆಲ್‌ಗೆ ಸಣ್ಣಕ್ಷರದ 'ಎಲ್' ಆಯ್ಕೆಯೊಂದಿಗೆ ಕೊಡಿ. ಅದು ತನಗೆ ಗೊತ್ತಿಲ್ಲದ ಪದಗಳನ್ನಷ್ಟೇ ವಾಪಸ್ ಕೊಡುತ್ತದೆ. ಅವುಗಳಲ್ಲಿ ಒಂಟಿ ಪದದ ರೂಲ್‌ಗಳಿದ್ದರೆ ಅಳಿಸಿ, ಆರ್‌ಇಪಿಗೆ ಸಾಗಿಸಿ. ಆಮೇಲೆ ರೂಲ್‌ಗಳ ತಪ್ಪು ಉದಾಹರಣೆ ವಾಕ್ಯಗಳನ್ನೆಲ್ಲ ಫಿಲ್ಟರ್ ಆಫ್ ಮಾಡಿ, ಸ್ಪೆಲ್‌ಚೆಕರ್ ಆನ್ ಮಾಡಿ ಓಡಿಸಿ. ಗುರುತಿಸಿದ ಜಾಗದಲ್ಲಿ ಸರಿಯಾಗಿ 1 ವರದಿ ಬರಬೇಕು. 2 ಬಂದರೆ ಹಂಚಿಕೆ ತಪ್ಪಿದೆ. ನಂತರ ಒಂದೊಂದೇ ರೂಲ್ ಆಫ್ ಮಾಡಿ ಮತ್ತೆ ಓಡಿಸಿ: ಪಟ್ಟಿಯಲ್ಲಿಲ್ಲದ ಪದವಿದ್ದೂ 0 ಬಂದರೆ, ಎಲ್ಲೋ ಒಂದು 'ಇಗ್ನೋರ್ ಸ್ಪೆಲ್ಲಿಂಗ್' ಆ ತಪ್ಪನ್ನು ಮುಚ್ಚಿಹಾಕುತ್ತಿದೆ.