ಮನೆಯಲ್ಲಿ ಈಗ ಎಷ್ಟು ಜನ?

ಮಂಗಳವಾರ ಪಾತ್ರೆ ಅಂಗಡಿಯವರು ಕೇಳಿದ ಒಂದು ಮಾತು ಇವತ್ತು ಶನಿವಾರ ಆದರೂ ಕಿವಿಯಿಂದ ಹೋಗಿಲ್ಲ. "ಮನೆಯಲ್ಲಿ ಈಗ ಎಷ್ಟು ಜನ ಇದ್ದೀರಿ ಅಕ್ಕ?" ಅಷ್ಟೇ ಕೇಳಿದ್ದು. ಪಾತ್ರೆ ಮಾರುವವರು ದಿನಕ್ಕೆ ಇಪ್ಪತ್ತು ಸಲ ಕೇಳುವ ಮಾತು.

ನಾನು ಹೋದದ್ದು ಕಲಾಯಿ ವಿಚಾರಿಸಲಿಕ್ಕೆ. ಅತ್ತೆಯ ಹಿತ್ತಾಳೆ ಕಾಫಿ ಫಿಲ್ಟರನ್ನು ಹಳೆ ಬೈರಾಸಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಈ ಆಟಿಯ ಮಳೆಯಲ್ಲಿ ಕೊಡೆ ಹಿಡಿದುಕೊಂಡು ರಥಬೀದಿ ಹತ್ತಿರದ ಅಂಗಡಿಗೆ ಹೋಗಿದ್ದೆ. ಆರು ತಿಂಗಳಿಂದ ನಮ್ಮ ಮನೆಯ ಕಾಫಿ ಕೆಟ್ಟುಹೋಗಿತ್ತು. ಬಣ್ಣ ಇರುತ್ತಿತ್ತು, ರುಚಿ ಇರುತ್ತಿರಲಿಲ್ಲ. ಕುಡಿದ ಮೇಲೆ ಬಾಯಲ್ಲಿ ಏನೂ ಉಳಿಯುತ್ತಿರಲಿಲ್ಲ. ನಮ್ಮವರು ಬೆಳಗ್ಗೆ ಲೋಟ ಎತ್ತಿದ ಕೂಡಲೇ "ಹುಡಿ ಸರಿ ಇಲ್ಲ" ಅನ್ನುವುದು, ನಾನು ಸುಮ್ಮನಿರುವುದು. ಅವರು ಬೈಯುವ ಮನುಷ್ಯ ಅಲ್ಲ, ಆದರೆ ಒಂದೇ ಮಾತನ್ನು ಆರು ತಿಂಗಳು ಹೇಳಿದರೆ ಅದು ಬೈಗುಳಕ್ಕಿಂತ ಜಾಸ್ತಿ ನೋಯುತ್ತದೆ.

ಹುಡಿಯನ್ನು ನಾನು ಬದಲಾಯಿಸದೆ ಬಿಟ್ಟಿರಲಿಲ್ಲ. ನಾವು ಮೊದಲಿಂದ 80 ಪಾಲು ಕಾಫಿ, 20 ಪಾಲು ಚಿಕೋರಿ ತರುವವರು. ಅದನ್ನು 70–30 ಮಾಡಿ ನೋಡಿದೆ. ಚಿಕೋರಿ ಜಾಸ್ತಿ ಆದರೆ ಡಿಕಾಕ್ಷನ್ ಕಪ್ಪಗೆ ಬರುತ್ತದೆ, ದಪ್ಪ ಇರುತ್ತದೆ. ಆದರೆ ಅದು ಕಾಫಿ ಅಲ್ಲವಲ್ಲ, ಒಂದು ಗಿಡದ ಹುರಿದ ಬೇರು. ಅದರಲ್ಲಿ ಕೆಫೀನೂ ಇಲ್ಲ. ಕಣ್ಣಿಗೆ ಕಾಫಿ, ಬಾಯಿಗೆ ಬೇರೆಯೇ ಏನೋ. ಆಮೇಲೆ ಚಿಕೋರಿ ಇಲ್ಲದ ಪೀಬೆರಿ, ಅಂದರೆ ಒಂಟಿ ಬೀಜದ ಕಾಫಿಯ ಹುಡಿ, ತಂದೆ. ಅದಂತೂ ಹಾಕಿದ ನೀರು ಹಾಕಿದ ಹಾಗೆಯೇ ಕೆಳಗೆ ಬಂತು. ಹಾಲು ಬದಲಾಯಿಸಿದೆ. ಬಾವಿ ನೀರು ಬಿಟ್ಟು ಫಿಲ್ಟರ್ ನೀರು ಹಾಕಿ ನೋಡಿದೆ. ಕೊನೆಗೆ ಉಳಿದದ್ದು ಕಲಾಯಿ ಮೇಲಿನ ಸಂಶಯ. ಹಿತ್ತಾಳೆಗೆ ಒಳಗಿನ ಕಲಾಯಿ ಹೋದರೆ ಪದಾರ್ಥದ ರುಚಿ ಕೆಡುತ್ತದೆ ಅಂತ ಅತ್ತೆ ಹೇಳುತ್ತಿದ್ದರು, ಅದು ನಿಜ ಕೂಡ.

ಮಗ ಬೆಂಗಳೂರಿಂದ ಫ್ರೆಂಚ್ ಪ್ರೆಸ್ ಕಳಿಸಿದ್ದ. ಗಾಜಿನ ಪಾತ್ರೆ, ಹುಡಿ ಹಾಕಿ ಬಿಸಿನೀರು ಹಾಕಿ ನಾಲ್ಕು ನಿಮಿಷ ಬಿಟ್ಟು ಮೇಲಿನ ಜಾಲರಿ ಒತ್ತುವುದು. ನನ್ನಲ್ಲಿ ಇದ್ದದ್ದು ಫಿಲ್ಟರಿನ ನಯ ಹುಡಿ, ಚಿಕೋರಿ ಬೆರೆಸಿದ್ದು. ಜಾಲರಿ ಅದನ್ನು ತಡೆಯಲಿಲ್ಲ, ಲೋಟದ ತಳದಲ್ಲಿ ಕೆಸರು ನಿಂತಿತು. ಅದಕ್ಕೆ ದಪ್ಪ ರವೆಯ ಹಾಗೆ ತರಿ ತರಿಯಾಗಿ ಬೀಸಿದ ಹುಡಿಯೇ ಬೇಕು ಅಂತ ಆಮೇಲೆ ಗೊತ್ತಾಯಿತು. ಮಣಿಪಾಲದಲ್ಲಿ ಫ್ಲ್ಯಾಟ್ ಮಾಡಿರುವ ಮೈದುನನ ಮನೆಯಲ್ಲಿ ಎಸ್ಪ್ರೆಸೊ ಮೆಷಿನ್ ಇದೆ. ಕಾಫಿ ಚೆನ್ನಾಗಿ ಬರುತ್ತದೆ, ಅದನ್ನು ನಾನು ಮನಸಾರೆ ಹೇಳುತ್ತೇನೆ. ಆದರೆ 9 ಬಾರ್ ಒತ್ತಡದಲ್ಲಿ ನೀರು ಅರ್ಧ ನಿಮಿಷದೊಳಗೆ ಹಾದುಹೋಗುವ ಮೆಷಿನಿಗೆ ಹುಡಿ ಒಂದೇ ಸಮ ಇರಬೇಕು, ಅದಕ್ಕೆ ಬೇರೆ ಗ್ರೈಂಡರ್ ಬೇಕು, ನಮ್ಮ ಮಿಕ್ಸಿಯಲ್ಲಿ ಆಗುವ ಕೆಲಸ ಅಲ್ಲ. ಮಿಕ್ಸಿಯ ಬ್ಲೇಡು ಬೀಜವನ್ನು ಕೊಚ್ಚುತ್ತದೆ, ಅರ್ಧ ಹಿಟ್ಟು ಆಗುತ್ತದೆ, ಅರ್ಧ ತರಿ ಉಳಿಯುತ್ತದೆ. ಹಿಟ್ಟಾದದ್ದು ಕಹಿ ಬಿಡುತ್ತದೆ, ತರಿ ಹುಳಿ ಹುಳಿಯಾಗಿ ಉಳಿಯುತ್ತದೆ. ಮೈದುನ ಒಳ್ಳೆಯವನು. ಆದರೆ ಜನವರಿಯಲ್ಲಿ ಸಾಮಾನು ಕಟ್ಟುವಾಗ ಅಮ್ಮನ ಫಿಲ್ಟರನ್ನು ಒಂದು ಸಲ ಕೈಯಲ್ಲಿ ಹಿಡಿದೂ ನೋಡಲಿಲ್ಲ ಅನ್ನುವುದು ನನ್ನ ಮನಸ್ಸಲ್ಲಿ ಉಂಟು. ಇಲ್ಲ ಅಂತ ಸುಳ್ಳು ಹೇಳುವುದಿಲ್ಲ.

ಅಂಗಡಿಯಲ್ಲಿ ಮೊದಲು ಬಂದದ್ದು ಕೆಲಸದ ಹುಡುಗ. ಹೊಸಬ. ಕರೆಂಟಿನ ಕಾಫಿ ಮೇಕರ್ ತೋರಿಸಿದ, ಇಂಡಕ್ಷನ್ ಪಾತ್ರೆ ತೋರಿಸಿದ. ಪಾಪ, ಅವನಿಗೆ ಕಲಿಸಿದ್ದು ಅಷ್ಟು. ಅಷ್ಟರಲ್ಲಿ ಒಳಗಿಂದ ಯಜಮಾನರು ಬಂದರು. ಎಪ್ಪತ್ತು ದಾಟಿದವರು. ಫಿಲ್ಟರನ್ನು ಬೈರಾಸಿಂದ ಬಿಡಿಸಿದ ಕೂಡಲೇ ಅವರ ಮುಖ ಅರಳಿತು. ಮೇಲಿನ ಭಾಗವನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು. ಒಂದು ಕಣ್ಣು ಮುಚ್ಚಿ ತಳದ ತೂತುಗಳನ್ನು ನೋಡಿದರು. ಬೆಳಕು ಚುಕ್ಕಿ ಚುಕ್ಕಿಯಾಗಿ ಅವರ ಕೆನ್ನೆ ಮೇಲೆ ಬಿತ್ತು. ಆಮೇಲೆ ಹೆಬ್ಬೆರಳನ್ನು ಒಳಗೆ ಹಾಕಿ ಸುತ್ತ ಉಜ್ಜಿ, ಬೆರಳನ್ನು ನೋಡಿದರು.

"ಕಲಾಯಿಗೆ ಎಂತ ಆಗ್ಲಿಲ್ಲ. ತೂತೂ ಕ್ಲೀನುಂಟು. ಹುಡಿ ಎಷ್ಟು ಹಾಕ್ತೀರಿ?"

"ಮೂರು ಚಮಚ."

ಆಗ ಕೇಳಿದ್ದು. "ಮನೆಯಲ್ಲಿ ಈಗ ಎಷ್ಟು ಜನ ಇದ್ದೀರಿ ಅಕ್ಕ?"

ಆ "ಈಗ" ಇಲ್ಲದಿದ್ದರೆ ನಾನು ಕೂಡಲೇ ಹೇಳಿಬಿಡುತ್ತಿದ್ದೆ. "ಈಗ" ಅಂದದ್ದಕ್ಕೆ ಬಾಯಿ ಕಟ್ಟಿತು. ಫಿಲ್ಟರಿನ ಗಾತ್ರ ನೋಡಿಯೇ ಅವರಿಗೆ ಗೊತ್ತಾಗಿತ್ತು, ಈ ಮನೆಯಲ್ಲಿ ಮೊದಲು ಎಷ್ಟು ಜನ ಇದ್ದರು ಅಂತ. ನಾನು ಮದುವೆಯಾಗಿ ಬಂದಾಗ ಒಂಬತ್ತು. ಮಾವ ಹೋದರು. ನಾದಿನಿಯ ಮದುವೆ ಆಯಿತು. ಮಗ ಬೆಂಗಳೂರಿಗೆ ಹೋದ. ಅತ್ತೆ ಹೋಗಿ ಬರುವ ತಿಂಗಳಿಗೆ ವರ್ಷ. ಮೈದುನನ ಸಂಸಾರ ಮಣಿಪಾಲಕ್ಕೆ ಹೋಯಿತು. ಇಷ್ಟನ್ನೂ ಅಂಗಡಿಯಲ್ಲಿ ಹೇಳಲಿಕ್ಕೆ ಆಗುತ್ತದಾ? "ಇಬ್ಬರು" ಅಂದೆ. ಸ್ವರ ನನ್ನದೇ ಅನ್ನಿಸಲಿಲ್ಲ.

ಅವರು ಮತ್ತೆ ಒಂದು ಮಾತೂ ಕೇಳಲಿಲ್ಲ, ಅಯ್ಯೋ ಅನ್ನಲಿಲ್ಲ. ಅದು ನನಗೆ ತುಂಬಾ ಇಷ್ಟವಾಯಿತು. ಸ್ವಲ್ಪ ಹೊತ್ತು ಬಿಟ್ಟು ಅಂದರು, "ಇದು ಹತ್ತು ಜನರ ಫಿಲ್ಟರ್ ಅಕ್ಕ. ಇದರ ತಳಕ್ಕೆ ಮೂರು ಚಮಚ ಹುಡಿ ಹಾಕಿದ್ರೆ ನೀರಿಗೆ ನಿಲ್ಲಲಿಕ್ಕೆ ಎಂತ ಉಂಟು? ಸೀದಾ ಇಳಿದು ಹೋಗ್ತದೆ. ಹುಡಿಯದ್ದು ತಪ್ಪಿಲ್ಲ." ಮೇಲಿನ ಅಟ್ಟದಿಂದ ಒಂದು ಸಣ್ಣ ಸ್ಟೀಲ್ ಫಿಲ್ಟರ್ ತೆಗೆಸಿ ಅತ್ತೆಯ ಫಿಲ್ಟರಿನ ಪಕ್ಕ ಇಟ್ಟರು. ತಾಯಿ ಪಕ್ಕ ಮಗು ನಿಂತ ಹಾಗೆ ಕಂಡಿತು.

ಮನೆಗೆ ಬಂದು ಅಳತೆ ಮಾಡಿದೆ. ಅತ್ತೆಯ ಫಿಲ್ಟರಿನ ಒಳ ಅಗಲ 10 ಸೆಂಟಿಮೀಟರ್, ಹೊಸತರದ್ದು 6. ಎರಡಕ್ಕೂ 20 ಗ್ರಾಂ ಹುಡಿ ತೂಗಿ ಹಾಕಿದೆ. ದೊಡ್ಡದರಲ್ಲಿ ಹುಡಿ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಮೇಲೆ ಬಂತು, ಅಷ್ಟೇ. ಚಾಪೆ ಹಾಸಿದ ಹಾಗೆ. ಸಣ್ಣದರಲ್ಲಿ ಎರಡು ಸೆಂಟಿಮೀಟರಿಗೆ ಹತ್ತಿರ. ಎರಡಕ್ಕೂ ಅಷ್ಟೇ ನೀರು ಹಾಕಿ ಗಡಿಯಾರ ನೋಡುತ್ತಾ ಕೂತೆ. ದೊಡ್ಡದರಲ್ಲಿ ನಾಲ್ಕು ನಿಮಿಷಕ್ಕೆ ಎಲ್ಲ ಕೆಳಗೆ. ಸಣ್ಣದರಲ್ಲಿ ಹನಿ ಹನಿ, ಹದಿನೆಂಟು ನಿಮಿಷ. ನೀರು ಹುಡಿಯ ಜೊತೆ ಅಷ್ಟು ಹೊತ್ತು ಕೂತರೆ ತಾನೇ ಅದರ ಸಾರ ಇಳಿಯುವುದು. ಎರಡು ಲೋಟ ಪಕ್ಕ ಪಕ್ಕ ಇಟ್ಟು ಕಿಟಕಿ ಬೆಳಕಿಗೆ ನೋಡಿದೆ. ಒಂದರಲ್ಲಿ ಆಚೆ ಕಡೆಯ ಬಾಳೆ ಎಲೆ ಮಸುಕಾಗಿ ಕಾಣುತ್ತಿತ್ತು. ಇನ್ನೊಂದರಲ್ಲಿ ಏನೂ ಕಾಣಲಿಲ್ಲ.

ಆರು ತಿಂಗಳಲ್ಲಿ ನನಗೆ ಸಲಹೆ ಕೊಟ್ಟವರು ಎಷ್ಟು ಜನ. ಎಲ್ಲರೂ ಕೇಳಿದ್ದು ಯಾವ ಹುಡಿ, ಯಾವ ಹಾಲು, ಯಾವ ಕಂಪನಿ. ಎಷ್ಟು ಜನರಿಗೆ ಅಂತ ಒಬ್ಬರೂ ಕೇಳಲಿಲ್ಲ. ಮಗನಿಗೆ ಫೋನ್ ಮಾಡಿ ಹೇಳಿದಾಗ ಅವನೂ ಹೌದಲ್ಲ ಅಂದ. ಅವನ ಹತ್ತಿರ ಇರುವ ಮೋಕಾ ಪಾಟ್, ಒಲೆ ಮೇಲೆ ಇಟ್ಟು ಕಾಫಿ ಮಾಡುವ ಪಾತ್ರೆ, ಅದು ಕೂಡ ಹಾಗೆಯೇ ಅಂತೆ, ಮೂರು ಕಪ್ಪಿನದ್ದು, ಆರು ಕಪ್ಪಿನದ್ದು ಅಂತ ಬರುತ್ತದೆ, ಆರು ಕಪ್ಪಿನದ್ದರಲ್ಲಿ ಅರ್ಧ ಹುಡಿ ಹಾಕಿ ಮೂರು ಕಪ್ ಮಾಡಲಿಕ್ಕೆ ಆಗುವುದಿಲ್ಲ, ಹುಡಿ ಹಾಕುವ ಬುಟ್ಟಿ ತುಂಬಬೇಕು. ಹಾಗಾಗಿ ಯಾರಾದರೂ ಮನೆಗೆ ಕಾಫಿ ಸಾಮಾನು ತೆಗೆಯುವುದಾದರೆ ನಾನು ಹೇಳುವುದು ಇದನ್ನೇ: ದಿನಾ ಬೆಳಗ್ಗೆ ನಿಜವಾಗಿ ಎಷ್ಟು ಲೋಟ ಬೇಕು ಅಂತ ಎಣಿಸಿ ತೆಗೆಯಿರಿ. ನೆಂಟರು ಬಂದರೆ ಇರಲಿ ಅಂತ ದೊಡ್ಡದು ತೆಗೆದರೆ ವರ್ಷಕ್ಕೆ ಹತ್ತು ದಿನ ಒಳ್ಳೆ ಕಾಫಿ, ಉಳಿದ ದಿನ ನೀರು.

ಹುಡಿ ಡಬ್ಬಿಯದ್ದೂ ಇದೇ ಕತೆ. ಒಂಬತ್ತು ಜನ ಇದ್ದಾಗ ಅರ್ಧ ಕೆಜಿ ಮೂರು ದಿನಕ್ಕೆ ಮುಗಿಯುತ್ತಿತ್ತು. ಅಭ್ಯಾಸದಲ್ಲಿ ನಾನು ಈಗಲೂ ಅರ್ಧ ಕೆಜಿಯೇ ತರುವುದು, ಅದು ಹನ್ನೆರಡು ದಿನ ಕೂರುತ್ತದೆ. ನಮ್ಮ ಕರಾವಳಿಯ ಈ ಗಾಳಿಯಲ್ಲಿ ಹನ್ನೆರಡು ದಿನ! ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗಳಲ್ಲಿ, ಅಂದರೆ ತೋಟದ ಕಾಫಿಯನ್ನು ಮಾರಾಟಕ್ಕೆ ಹದ ಮಾಡುವಲ್ಲಿ, ಹಸಿ ಕಾಫಿ ಬೀಜವನ್ನು ಮಳೆಗಾಲದಲ್ಲಿ ನೆಲದ ಮೇಲೆ ಹರಡಿ ಬೇಕಂತಲೇ ಈ ಕಡಲ ಗಾಳಿಗೆ ಬಿಡುತ್ತಾರೆ. ಬೀಜ ತೇವ ಕುಡಿದು ಉಬ್ಬಿ ಹಸಿರು ಬಣ್ಣ ಹೋಗಿ ಹಳದಿಯಾಗುತ್ತದೆ, ಅದರ ಹುಳಿ ಕಡಿಮೆಯಾಗುತ್ತದೆ. ಮಾನ್ಸೂನ್ಡ್ ಮಲಬಾರ್ ಅಂತ ಅದಕ್ಕೆ ಹೊರದೇಶದಲ್ಲಿ ದೊಡ್ಡ ಹೆಸರು, ಈ ಊರಿನದ್ದೇ ಅನ್ನುವ ಜಿಐ ಗುರುತೂ ಇದೆ. ಹಸಿ ಬೀಜಕ್ಕೆ ಹೆಸರು ತಂದುಕೊಟ್ಟ ಅದೇ ಗಾಳಿ ಹುರಿದು ಬೀಸಿದ ಹುಡಿಗೆ ಶತ್ರು. ಒಂದು ಸಲ ಮುಚ್ಚಳ ಸಡಿಲ ಆದರೆ ಸಾಕು, ಹುಡಿ ಚಮಚಕ್ಕೆ ಅಂಟುತ್ತದೆ. ಈಗ 100 ಗ್ರಾಂ ತರುತ್ತೇನೆ. ಅಂಗಡಿಯವನು "ಇಷ್ಟೇ ಸಾಕಾ?" ಅಂತ ಎರಡು ಸಲ ಕೇಳಿದ.

ಹುಡಿ ಡಬ್ಬಿಯಲ್ಲಿ ಅಷ್ಟೇ ಅಲ್ಲ, ಅಡುಗೆಮನೆಯಲ್ಲಿ ಎಲ್ಲ ಕಡೆ ಒಂಬತ್ತು ಜನ ಹಾಗೆಯೇ ಕೂತಿದ್ದಾರೆ ಅನ್ನುವುದು ನನಗೆ ಈ ವಾರ ಕಂಡಿತು. ಅತ್ತೆ ರಾತ್ರಿ ಮಲಗುವ ಮೊದಲು ಬೆರಳು ಮಡಚಿ ಎಣಿಸುತ್ತಿದ್ದರು. ನಾಳೆ ಎಷ್ಟು ಜನ, ಎಷ್ಟು ಕುಡ್ತೆ ಅಕ್ಕಿ, ಎಷ್ಟು ಲೋಟ ಕಾಫಿ. ಎಣಿಸಿ ಮುಗಿದ ಮೇಲೆ ಒಂದು ಬೆರಳು ಜಾಸ್ತಿ ಮಡಚುತ್ತಿದ್ದರು. ಅದು ತೆಂಗಿನಕಾಯಿ ಕೀಳಲು ಬರುವವರಿಗೆ, ಪೋಸ್ಟಿನವರಿಗೆ, ಯಾರಿಗಾದರೂ. ಆ ಒಂದು ಲೋಟ ಒಂದು ದಿನವೂ ಉಳಿದದ್ದು ನಾನು ಕಾಣೆ. ಅವರು ಹೋದ ಮೇಲೆ ನಾನು ಎಣಿಸುವುದನ್ನೇ ಬಿಟ್ಟೆ. ಇಬ್ಬರನ್ನು ಎಣಿಸುವುದೇನು? ನಮ್ಮ ಓಣಿಯಲ್ಲಿ ಈಗ ಏಳು ಮನೆಯಲ್ಲಿ ಐದರಲ್ಲಿ ಇಬ್ಬಿಬ್ಬರೇ. ದೊಡ್ಡ ಅಂಗಳ, ದೊಡ್ಡ ಚಾವಡಿ, ದೊಡ್ಡ ದೊಡ್ಡ ಪಾತ್ರೆ, ಸಂಜೆಯಾದರೆ ಒಂದು ಕೋಣೆಯಲ್ಲಿ ಮಾತ್ರ ಲೈಟು. ಅವರಲ್ಲಿ ಎಷ್ಟು ಜನ ಹುಡಿಗೆ ಬೈಯುತ್ತಾ ಇದ್ದಾರೋ.

ಬುಧವಾರ ಬೆಳಗ್ಗೆ ಸಣ್ಣ ಫಿಲ್ಟರಿಗೆ ಮೂರು ಚಮಚ ಹುಡಿ ಹಾಕಿ, ಒತ್ತುವ ಬಿಲ್ಲೆಯನ್ನು ಸುಮ್ಮನೆ ಕೂರುವಷ್ಟೇ ಒತ್ತಿದೆ. ಗಟ್ಟಿ ಒತ್ತಿದರೆ ನೀರು ಇಳಿಯುವುದೇ ಇಲ್ಲ. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಟ್ಟು, ಮೊದಲು ಹುಡಿ ನೆನೆಯುವಷ್ಟು, ಆಮೇಲೆ ಉಳಿದದ್ದು ಹಾಕಿದೆ. ಐದು ನಿಮಿಷ ಆದರೂ ಒಂದು ಹನಿ ಬೀಳಲಿಲ್ಲ. ಹೊಸ ಫಿಲ್ಟರ್, ಮೇಲಿನದ್ದು ಕೆಳಗಿನದ್ದಕ್ಕೆ ಬಿಗಿಯಾಗಿ ಕೂತು ಒಳಗೆ ಗಾಳಿ ಕಟ್ಟಿತ್ತು. ಸ್ವಲ್ಪ ಅಲ್ಲಾಡಿಸಿ ಸಡಿಲ ಮಾಡಿದ ಕೂಡಲೇ ಟಪ್ ಅಂತ ಶುರುವಾಯಿತು. ಆಗಷ್ಟೇ ಕಾದ ಹಾಲು ಹಾಕಿ ತಂದುಕೊಟ್ಟೆ.

ನಮ್ಮವರು ಪೇಪರ್ ಓದುತ್ತಾ ಒಂದು ಗುಟುಕು ಕುಡಿದರು. ಪೇಪರ್ ಕೆಳಗಿಟ್ಟರು. ಹುಡಿಯ ಮಾತು ಬರಲಿಲ್ಲ. ಲೋಟ ಖಾಲಿ ಮಾಡಿ, "ಇನ್ನೊಂದು ಸ್ವಲ್ಪ ಉಂಟಾ?" ಅಂದರು.

ಇರಲಿಲ್ಲ. ಎರಡು ಲೋಟಕ್ಕೆ ಸರಿಯಾಗಿ ಇತ್ತು. ಎರಡನೇ ನೀರು ಹಾಕಲಾ ಅಂತ ಕೇಳಿದೆ. ಬೇಡ, ಅದು ಸಪ್ಪೆ ಬರುತ್ತದೆ ಅಂದರು. ನಿನ್ನೆಯಿಂದ ನಾಲ್ಕು ಚಮಚ ಹುಡಿ ಹಾಕುತ್ತಿದ್ದೇನೆ. ಸಣ್ಣ ಫಿಲ್ಟರಿನಲ್ಲಿ ಅಷ್ಟಕ್ಕೆ ಜಾಗ ಇದೆ.